ಕಲ್ಲುಹೂವಿನ ವೇಷದ ಪತಂಗ: ಗುರುತಿಸುವುದು ಹೇಗೆ?

ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ (ಲೈಕೆನ್) ಬಳಗ ಇಂಗ್ಲೆಂಡಿನಲ್ಲಿ ಹಳೆಯ ಇಟ್ಟಿಗೆ ಗೋಡೆ, ಹೆಂಚು, ಚರ್ಚಿನ ಕಲ್ಲುಗಳ ಮೇಲೆಲ್ಲ ಹಬ್ಬಿದೆ. ಜುಲೈ, ಆಗಸ್ಟ್ ತಿಂಗಳಲ್ಲಿ ಆ ಗೋಡೆಗಳ ಮೇಲೆ ಬ್ರಯೋಫಿಲಾ, ಕ್ರಿಫಿಯಾ ಕುಲಗಳ ಪುಟ್ಟ ಪತಂಗಗಳು ಹಗಲಿಡೀ ಮಿಸುಕದೆ ಕೂರುತ್ತವೆ. ಲಂಡನ್ ಕಡೆ ನೆಲೆಸಿದ ಕನ್ನಡಿಗರು ಇವನ್ನು ಹಿತ್ತಲಲ್ಲೇ ಹುಡುಕಬಹುದು.

ಮೊದಲು ರೆಕ್ಕೆಯ ಚಿತ್ತಾರವನ್ನು ನಂಬುವುದನ್ನು ಬಿಡಿ. ಹಸಿರು-ಕಪ್ಪು ಬಣ್ಣದ ಮೆರ್ವೇ ದು ಜೂರ್ ಪತಂಗವೂ ಕಲ್ಲುಹೂವಿನಂತೆಯೇ ಕಾಣುತ್ತದೆ. ಆದರೆ ಅದು ಗಾತ್ರದಲ್ಲಿ ಬಹಳ ದೊಡ್ಡದು, ಹಾರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅದರ ಮರಿಹುಳು ತಿನ್ನುವುದು ಓಕ್ ಮರವನ್ನು. ವೇಷ ಒಂದೇ ಆದ ಮಾತ್ರಕ್ಕೆ ವಂಶ ಒಂದೇ ಆಗುವುದಿಲ್ಲ.

ಕುಳಿತ ಭಂಗಿಯೇ ಒಳ್ಳೆಯ ಸುಳಿವು. ರೆಕ್ಕೆಗಳನ್ನು ಗೋಡೆಗೆ ಚಪ್ಪಟೆಯಾಗಿ ಹರಡಿ, ಹಿಂದಿನ ಜೋಡಿಯನ್ನೂ ತೋರಿಸುತ್ತಿದ್ದರೆ ಅದು ಜಿಯೊಮೆಟ್ರಿಡೇ ಕುಟುಂಬದ್ದು; ಬ್ರಸೆಲ್ಸ್ ಲೇಸ್ ಎಂಬ ಪತಂಗ ಅಂಥದ್ದು. ನಮಗೆ ಬೇಕಾದದ್ದು ನಾಕ್ಟುಯಿಡೇ ಕುಟುಂಬದ್ದು: ಮುಂರೆಕ್ಕೆಗಳು ಮಾಡಿನಂತೆ ಇಳಿಜಾರಾಗಿ ಹಿಂರೆಕ್ಕೆಗಳನ್ನು ಮುಚ್ಚಿರುತ್ತವೆ. ಮುಂರೆಕ್ಕೆಯ ನಡುವೆ ಒಂದು ದುಂಡು ಗುರುತು, ಅದರಾಚೆ ಮೂತ್ರಪಿಂಡದ ಆಕಾರದ ಇನ್ನೊಂದು ಗುರುತು ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ.

ಈ ಗುಂಪಿನ ಮೂರು ಪ್ರಭೇದಗಳನ್ನು ತಿಳಿಯಲು ಬಣ್ಣಕ್ಕಿಂತ ರೆಕ್ಕೆಯ ಬುಡ ಮುಖ್ಯ. ಮಾರ್ಬಲ್ಡ್ ಬ್ಯೂಟಿಯ ಬೂದು-ಬಿಳಿ ರೆಕ್ಕೆಯ ಬುಡದಲ್ಲಿ ಒಂದು ಕಪ್ಪು ಮಚ್ಚೆ, ನಡುವೆ ಒಂದು ಕಪ್ಪು ಪಟ್ಟಿ ಎದ್ದು ಕಾಣುತ್ತವೆ. ಕೆಲವಕ್ಕೆ ಹಸಿರು ಅಥವಾ ಕಿತ್ತಳೆ ಛಾಯೆಯೂ ಇರುವುದರಿಂದ ಬಣ್ಣವನ್ನೇ ಹಿಡಿದು ಹೊರಟವರು ದಾರಿ ತಪ್ಪುತ್ತಾರೆ. ಮಾರ್ಬಲ್ಡ್ ಗ್ರೀನ್ ತುಸು ದೊಡ್ಡದು, ತಿಳಿ ಹಸಿರು. ಬುಡದ ಕಪ್ಪು ಮಚ್ಚೆ ಇಲ್ಲ. ಇಂಗ್ಲೆಂಡಿನಲ್ಲಿ ಇದು ಹೆಚ್ಚಾಗಿ ದಕ್ಷಿಣದ ಕರಾವಳಿಯ ಪತಂಗ. ಟ್ರೀ-ಲೈಕೆನ್ ಬ್ಯೂಟಿ ಮರದ ಕಲ್ಲುಹೂವನ್ನು ನೆಚ್ಚಿಕೊಂಡದ್ದು. ಒಂದು ಕಾಲಕ್ಕೆ ಬ್ರಿಟನ್ನಿನಲ್ಲಿ ಅಪರೂಪವಾಗಿದ್ದ ಇದು 1991ರ ನಂತರ ಲಂಡನ್ ಸುತ್ತಮುತ್ತ ನೆಲೆಯೂರಿದೆ.

ಇನ್ನು ಹೆಸರಿನ ಗೋಜಲು. ಹಳೆಯ ಕೈಪಿಡಿಗಳಲ್ಲಿ ಈ ಮೂರೂ ಕ್ರಿಫಿಯಾ ಕುಲದಲ್ಲೇ ಇವೆ. ಈಗ 1766ರಲ್ಲಿ ಕೀಟತಜ್ಞ ಹುಫ್ನಾಗೆಲ್ ಹೆಸರಿಸಿದ ಮಾರ್ಬಲ್ಡ್ ಬ್ಯೂಟಿ ಬ್ರಯೋಫಿಲಾ ಡೊಮೆಸ್ಟಿಕಾ ಆಗಿದೆ, ಮಾರ್ಬಲ್ಡ್ ಗ್ರೀನ್ ನಿಕ್ಟೋಬ್ರಯಾ ಮ್ಯುರಾಲಿಸ್ ಆಗಿದೆ. 1775ರಲ್ಲಿ ಕೀಟತಜ್ಞ ಫ್ಯಾಬ್ರಿಸಿಯಸ್ ಹೆಸರಿಟ್ಟ ಟ್ರೀ-ಲೈಕೆನ್ ಬ್ಯೂಟಿ ಮಾತ್ರ ಕ್ರಿಫಿಯಾ ಆಲ್ಗೀ ಆಗಿಯೇ ಉಳಿದಿದೆ. ಎರಡು ಪುಸ್ತಕಗಳನ್ನು ಹೋಲಿಸುವಾಗ ಕುಲದ ಹೆಸರನ್ನು (ಮೊದಲ ಪದ) ಬಿಟ್ಟು ಪ್ರಭೇದದ ಹೆಸರನ್ನು (ಎರಡನೆಯ ಪದ) ಹುಡುಕಿದರೆ ಕೆಲಸ ಸುಲಭ.

ಪತಂಗ ಸಿಗದಿದ್ದರೆ ವಸಂತದ ಕೊನೆಯಲ್ಲಿ ಮರಿಹುಳುವನ್ನು ಹುಡುಕಿ. ಮಾರ್ಬಲ್ಡ್ ಬ್ಯೂಟಿಯ ಮರಿ ಕಡುಬೂದು ಮೈಯದು, ಬೆನ್ನ ಮೇಲೆ ಹಳದಿ-ಕಿತ್ತಳೆ ಪಟ್ಟಿ. ಹಗಲು ಗೋಡೆಯ ಬಿರುಕಿನಲ್ಲಿ ರೇಷ್ಮೆ ಗೂಡು ನೇಯ್ದುಕೊಂಡು ಅವಿತಿದ್ದು, ರಾತ್ರಿ ಕಲ್ಲುಹೂವು ಮೇಯಲು ಹೊರಬರುತ್ತದೆ. ಟಾರ್ಚ್ ಹಿಡಿದು ನೋಡಿದರೆ ಸಾಕು, ಗೋಡೆಯನ್ನು ಕೆರೆಯಬೇಡಿ.

ಫೋಟೊ ತೆಗೆಯುವಾಗ ನೇರ ಮೇಲಿನಿಂದ ಒಂದು, ಪಕ್ಕದಿಂದ ಒಂದು ಇರಲಿ. ಜೊತೆಗೆ ಸ್ಕೇಲ್ ಇಡಿ. ರೆಕ್ಕೆಯ ಹುರುಪೆ ಉದುರಿ ಮಾಸಿದ್ದರೆ ಕುಲದ ಹೆಸರಿಗೇ ನಿಲ್ಲಿಸುವುದು ಲೇಸು. ದಕ್ಷಿಣ ಯುರೋಪಿನಲ್ಲಂತೂ ಕ್ರಿಫಿಯಾ ಆಲ್ಗೀಯನ್ನೂ ಅದರ ಹತ್ತಿರದ ಸಂಬಂಧಿ ಕ್ರಿಫಿಯಾ ಓಕ್ಸಿಯನ್ನೂ ಬೇರ್ಪಡಿಸಲು ತಜ್ಞರೇ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ.