ಬೂಸ್ಟ್ ಏರಿದಾಗ ಮಾತ್ರ ಎಂಜಿನ್ ಮಿಸ್ ಹೊಡೆಯುತ್ತಿದೆಯೇ? ದೋಷ ಹುಡುಕುವ ಕ್ರಮ ಇಲ್ಲಿದೆ

ಪೇಟೆಯ ದಟ್ಟಣೆಯಲ್ಲಿ ಕಾರು ಒಂದು ತಕರಾರೂ ಮಾಡುವುದಿಲ್ಲ. ಸಿಗ್ನಲಿನಲ್ಲಿ ನಿಂತಾಗ ಎಂಜಿನ್ ಒಂದೇ ಲಯದಲ್ಲಿ ಓಡುತ್ತಿರುತ್ತದೆ. ಮೂರನೇ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದ ಕೂಡಲೇ ಮುಗ್ಗರಿಸುತ್ತದೆ, ಜಗ್ಗುತ್ತದೆ, ಎಕ್ಸಾಸ್ಟಿನಿಂದ ಪಟಪಟ ಸದ್ದು ಬರುತ್ತದೆ. ಸಿಲಿಂಡರಿನೊಳಗೆ ಪೆಟ್ರೋಲ್ ಸರಿಯಾಗಿ ಉರಿಯದೆ ತಪ್ಪುವ ಇದಕ್ಕೇ ಮಿಸ್ ಹೊಡೆಯುವುದು ಎನ್ನುತ್ತಾರೆ. ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಇದ್ದು, ಅದರ ಬೂಸ್ಟನ್ನು, ಅಂದರೆ ಆ ಗಾಳಿಯ ಒತ್ತಡವನ್ನು, ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚಿಸಿಕೊಂಡ ಕಾರುಗಳ ಮಾಮೂಲಿ ರೋಗ ಇದು.

ಉದಾಹರಣೆಗೆ 2002ರಿಂದ 2006ರವರೆಗಿನ ಮಿನಿ ಕೂಪರ್ ಎಸ್ ಕಾರನ್ನೇ ತೆಗೆದುಕೊಳ್ಳೋಣ. ಬ್ರಿಟನ್, ಅಮೆರಿಕಗಳ ಹವ್ಯಾಸಿಗಳು ಇದನ್ನು ಆರ್53 ಎಂಬ ಸಂಕೇತದಿಂದಲೇ ಗುರುತಿಸುತ್ತಾರೆ. ಕಾರು ತಯಾರಾದದ್ದು ಆಕ್ಸ್‌ಫರ್ಡಿನಲ್ಲಿ, ಅದರ 1.6 ಲೀಟರ್ ಟ್ರೈಟೆಕ್ ಎಂಜಿನ್ ಬಂದದ್ದು ಬ್ರೆಜಿಲಿನಿಂದ. ಈಟನ್ ಎಂ45 ಸೂಪರ್‌ಚಾರ್ಜರನ್ನು ಬೆಲ್ಟ್ ತಿರುಗಿಸುತ್ತದೆ. ಹೆಚ್ಚು ಶಕ್ತಿ ಬೇಕೆಂದವರು ಮೊದಲು ಮಾಡುವ ಕೆಲಸ ಅದರ ಪುಲ್ಲಿ ಬದಲಾಯಿಸುವುದು. ಪುಲ್ಲಿಯ ವ್ಯಾಸ ಶೇ 15ರಷ್ಟು ಕಿರಿದಾದರೆ ಸೂಪರ್‌ಚಾರ್ಜರಿನ ವೇಗ ಏರುವುದು ಶೇ 15ರಷ್ಟಲ್ಲ, ಸುಮಾರು 17.6ರಷ್ಟು; ಒಂದನ್ನು 0.85ರಿಂದ ಭಾಗಿಸಿ ನೋಡಿ. ಕಂಪನಿಯ ಬೂಸ್ಟಿನಲ್ಲಿ ಹೇಗೋ ದಿನ ದೂಡುತ್ತಿದ್ದ, ಕಿಡಿ ಹಾರಿಸುವ ಪ್ಲಗ್, ಅದರ ವೈರು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳ ಬಣ್ಣ ಬಯಲಾಗುವುದು ಆಗಲೇ.

ಇಂಥ ಹೊತ್ತಿನಲ್ಲಿ ಬಹಳ ಮಂದಿ ಕೈಹಾಕುವುದು ಜೇಬಿಗೆ. ಕಿಡಿಗೆ ವೋಲ್ಟೇಜ್ ಒದಗಿಸುವ ಕಾಯಿಲ್ ತರುತ್ತಾರೆ, ರೋಗ ಹೋಗಲಿಲ್ಲ. ಇಂಜೆಕ್ಟರ್ ತರುತ್ತಾರೆ, ಹೋಗಲಿಲ್ಲ. ಪಂಪ್ ತರುತ್ತಾರೆ. ಹೊಸ ಬಿಡಿಭಾಗ ತರುವ ಮೊದಲು ಲಕ್ಷಣ ಓದುವುದು ಅಗ್ಗದ ದಾರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೂರನ್ನು ಒಟ್ಟಿಗೆ ಬದಲಿಸಿ ಗುಣವಾದರೆ ಯಾವುದರಿಂದ ಗುಣವಾಯಿತೆಂದು ಗೊತ್ತಾಗುವುದಿಲ್ಲ.

ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ಸಾವಕಾಶವಾಗಿ ನೋಡಬಹುದು. ಮಿಣುಕುತ್ತಿದ್ದರೆ ಕೂಡಲೇ ಕಾಲು ತೆಗೆಯಿರಿ. ಸುಡದೆ ಉಳಿದ ಪೆಟ್ರೋಲ್ ಎಕ್ಸಾಸ್ಟಿನ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ, ಅದು ಕೆಡುವ ಹಂತದಲ್ಲಿದೆ ಎಂಬ ಸೂಚನೆ ಅದು. ಪೂರ್ಣ ವೇಗದ ಪರೀಕ್ಷೆ ಏನಿದ್ದರೂ ಡೈನೊ ಯಂತ್ರದ (ನಿಂತಲ್ಲೇ ಚಕ್ರ ತಿರುಗಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಅಥವಾ ರೇಸ್ ಟ್ರ್ಯಾಕಿನಲ್ಲಿ ನಡೆಯಲಿ.

ಯಾವಾಗ ಮುಗ್ಗರಿಸುತ್ತದೆ?

ಅರ್ಧ ರೋಗನಿರ್ಣಯ ಈ ಪ್ರಶ್ನೆಯಲ್ಲಿದೆ. ಸಿಲಿಂಡರಿನೊಳಗೆ ಒತ್ತಡ ಅತಿ ಹೆಚ್ಚಾಗುವುದು ಟಾರ್ಕ್ (ಎಂಜಿನ್ನಿನ ತಿರುಚುಬಲ) ತುತ್ತತುದಿಯಲ್ಲಿರುವ ಕಡೆ, ಈ ಎಂಜಿನ್ನಿನಲ್ಲಿ 4,000 ಆರ್‌ಪಿಎಂ ಆಸುಪಾಸಿನಲ್ಲಿ. ಅಲ್ಲಿ ಮುಗ್ಗರಿಸಿ, ಮೇಲೇರಿದಂತೆ ಸರಿಹೋದರೆ ಕಿಡಿಯ ಮೇಲೆ ಗುಮಾನಿ ಇಡಿ. ಅಲ್ಲಿ ಚೆನ್ನಾಗಿದ್ದು, 6,000 ದಾಟುತ್ತಿದ್ದಂತೆ ಕೆಡುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ ಎನ್ನುವ ಸಂಶಯ ಬಲವಾಗುತ್ತದೆ. ಏಕೆಂದರೆ ನಿಮಿಷಕ್ಕೆ ಬೇಕಾಗುವ ಪೆಟ್ರೋಲ್ ಆರ್‌ಪಿಎಂ ಜೊತೆಗೇ ಏರುತ್ತಾ ಹೋಗುತ್ತದೆ. ಇದು ತೀರ್ಪಲ್ಲ, ದಿಕ್ಕು. ಸುಸ್ತಾದ ಕಾಯಿಲ್ ಕೂಡ ಮೇಲಿನ ವೇಗದಲ್ಲಿ ಕೈಕೊಡಬಹುದು.

ನ್ಯೂಟ್ರಲಿನಲ್ಲಿ ನಿಲ್ಲಿಸಿ ಎಂಜಿನ್ನನ್ನು ಅಬ್ಬರಿಸಿ ಪರೀಕ್ಷಿಸುವವರಿದ್ದಾರೆ. ಅದರಿಂದ ಪ್ರಯೋಜನವಿಲ್ಲ. ಭಾರವಿಲ್ಲದೆ ಬೂಸ್ಟ್ ಏರುವುದಿಲ್ಲ.

ಕೋಡ್ ಓದಿ, ಜೋಡಿ ನೋಡಿ

ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸಾಧನ) ಸಿಕ್ಕಿಸಿದರೆ ಪಿ0300 ಅಥವಾ ಪಿ0301ರಿಂದ ಪಿ0304ರವರೆಗಿನ ಕೋಡುಗಳು ಸಿಗುತ್ತವೆ. ಕೊನೆಯ ಅಂಕಿ ಸಿಲಿಂಡರಿನ ಸಂಖ್ಯೆ. ಸೊನ್ನೆಯಾದರೆ ಇಂಥದ್ದೇ ಎಂದಿಲ್ಲ. ಆರ್53ರಲ್ಲಿ ಒಂದೇ ಕಾಯಿಲ್ ಪೆಟ್ಟಿಗೆ ನಾಲ್ಕೂ ಪ್ಲಗ್ಗುಗಳಿಗೆ ಕಿಡಿ ಕೊಡುತ್ತದೆ, ಅದೂ ಜೋಡಿ ಜೋಡಿಯಾಗಿ: 1 ಮತ್ತು 4 ಒಟ್ಟಿಗೆ, 2 ಮತ್ತು 3 ಒಟ್ಟಿಗೆ. ಆದ್ದರಿಂದ 1 ಮತ್ತು 4 ಎರಡೂ ದೂರು ಹೇಳುತ್ತಿದ್ದರೆ ಕಾಯಿಲಿನ ಆ ಅರ್ಧವನ್ನು ಹಿಡಿಯಿರಿ. 3 ಮಾತ್ರ ದೂರು ಹೇಳುತ್ತಿದ್ದರೆ ಅದರ ಪ್ಲಗ್, ವೈರು, ಇಂಜೆಕ್ಟರುಗಳ ಕಡೆ ನೋಡಿ. ಮೂರನೆಯದರ ಪ್ಲಗ್ಗನ್ನು ಒಂದನೆಯದಕ್ಕೆ ಹಾಕಿ ಮತ್ತೆ ಓಡಿಸಿದಾಗ ಕೋಡ್ ಪಿ0301 ಆಗಿ ಬದಲಾದರೆ ಕಳ್ಳ ಸಿಕ್ಕಿದ ಹಾಗೆ.

ಪ್ಲಗ್ ಬಿಚ್ಚಿದಾಗ

ಬೂಸ್ಟಿನ ಗಾಳಿ ಕಿಡಿಯನ್ನು ಊದಿ ಆರಿಸುತ್ತದೆ ಎನ್ನುವ ಮಾತು ಬಹಳ ಕೇಳಿಬರುತ್ತದೆ. ಸಾಮಾನ್ಯವಾಗಿ ಆಗುವುದು ಬೇರೆ. ಗಾಳಿ ಒತ್ತೊತ್ತಾದಷ್ಟೂ ಅದರ ಮೂಲಕ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ಗಿನ ಎಲೆಕ್ಟ್ರೋಡುಗಳ ನಡುವಿನ ಅಂತರ ಹಿಗ್ಗಿದಷ್ಟೂ ಇನ್ನೂ ಹೆಚ್ಚು. ಬೇಕಾದಷ್ಟು ವೋಲ್ಟೇಜನ್ನು ಕಾಯಿಲ್ ಕೊಡಲಾಗದಿದ್ದರೆ ಕಿಡಿ ಹುಟ್ಟುವುದೇ ಇಲ್ಲ. ಅಥವಾ ಪ್ಲಗ್ಗಿನ ತುದಿಯನ್ನು ಬಿಟ್ಟು, ಸುಲಭವಾದ ಬೇರೆ ದಾರಿಯಲ್ಲಿ ಲೋಹಕ್ಕೆ ಹಾರುತ್ತದೆ.

ಆ ದಾರಿಯ ಗುರುತು ಕಣ್ಣಿಗೆ ಕಾಣುತ್ತದೆ. ಪ್ಲಗ್ಗನ್ನು ಬೆಳಕಿಗೆ ಹಿಡಿದು, ವೈರಿನ ರಬ್ಬರ್ ಕುಳಿತುಕೊಳ್ಳುವ ಬಿಳಿ ಪಿಂಗಾಣಿಯನ್ನು ನಿಧಾನವಾಗಿ ತಿರುಗಿಸಿ ನೋಡಿ. ಪೆನ್ಸಿಲಿನಲ್ಲಿ ಎಳೆದಂಥ ತೆಳು ಕಪ್ಪು ಗೆರೆ ಮೇಲಿನಿಂದ ಕೆಳಕ್ಕೆ ಇಳಿದಿದ್ದರೆ ಕಿಡಿ ಹೊರಗಿನಿಂದ ಜಾರಿದೆ. ಎದುರು ಭಾಗದ ರಬ್ಬರಿನೊಳಗೂ ಅಂಥದೇ ಗೆರೆ ಇರುತ್ತದೆ. ಹಾಗಿದ್ದಾಗ ಪ್ಲಗ್ಗನ್ನಷ್ಟೇ ಬದಲಿಸಿದರೆ ಹಳೆಯ ವೈರು ಹೊಸ ಪ್ಲಗ್ಗಿಗೂ ಅದೇ ಗೆರೆ ಎಳೆಯುತ್ತದೆ. ಎರಡನ್ನೂ ಜೊತೆಯಾಗಿಯೇ ಬದಲಿಸಬೇಕಾದ ಅಪರೂಪದ ಸಂದರ್ಭ ಇದು. ಕಾಯಿಲಿನಲ್ಲಿ ವೈರು ಕೂರುವ ಕಂಬಗಳ ಮೇಲೆ ಹಸಿರು ಅಥವಾ ಬಿಳಿ ಕಿಲುಬು ಕಟ್ಟಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ. ಈ ಕಾರಿನಲ್ಲಿ ಅದು ಹಳೆಯ ಕಾಯಿಲೆ.

ಇನ್ನು ಅಂತರ. ಕಂಪನಿ ಕೊಟ್ಟ ಪ್ಲಗ್ಗಿನಲ್ಲಿ ಸುತ್ತ ನಾಲ್ಕು ಭೂ ಎಲೆಕ್ಟ್ರೋಡುಗಳಿರುತ್ತವೆ. ಅವನ್ನು ಬಗ್ಗಿಸಲು ಹೋಗಬೇಡಿ. ಸವೆದಿದ್ದರೆ ಹೊಸದು ಹಾಕಿ. ಒಂದೇ ಎಲೆಕ್ಟ್ರೋಡಿನ ಪ್ಲಗ್ ಹಾಕಿಕೊಂಡವರು ಫೀಲರ್ ಗೇಜಿನಿಂದ (ಸಣ್ಣ ಅಂತರ ಅಳೆಯುವ ತೆಳು ಲೋಹದ ಪಟ್ಟಿಗಳು) ಅಳೆಯಬೇಕು. ಒಂದು ಮಿಲಿಮೀಟರ್ ಇದ್ದರೆ ಹೆಚ್ಚಾಯಿತು. 0.7ರಿಂದ 0.8ರ ನಡುವೆ ತಂದು ನೋಡಿ. ಬಹಳಷ್ಟು ಸಲ ಕಥೆ ಇಲ್ಲಿಗೇ ಮುಗಿಯುತ್ತದೆ, ಖರ್ಚಿಲ್ಲದೆ. ಇರಿಡಿಯಂ ಪ್ಲಗ್ ಆದರೆ ನಡುವಿನ ಸೂಜಿಯಂಥ ತುದಿಗೆ ಗೇಜ್ ತಗುಲದಂತೆ ಎಚ್ಚರ ವಹಿಸಿ.

ಬೂಸ್ಟ್ ಹೆಚ್ಚಿಸಿದ ಮೇಲೆ ಒಂದು ಹಂತ ತಂಪಾದ, ಅಂದರೆ ತುದಿಯ ಬಿಸಿಯನ್ನು ಬೇಗ ಹೊರಗೆ ಸಾಗಿಸುವ ಪ್ಲಗ್ ಹಾಕುವುದು ರೂಢಿ. ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಂಪು, ಹಾಗಾಗಿ 6ರ ಬದಲು 7. ಬಾಷ್‌ನಲ್ಲಿ ಲೆಕ್ಕ ತಿರುಗುಮುರುಗು. ಕೊಳ್ಳುವಾಗ ಇಲ್ಲಿ ಎಡವುವವರು ಕಡಿಮೆಯೇನಲ್ಲ.

ಪಿಂಗಾಣಿಯ ತುದಿಯಲ್ಲಿ ಸಣ್ಣ ಸಣ್ಣ ಬೆಳ್ಳಿಬಣ್ಣದ ಚುಕ್ಕೆ ಕಂಡರೆ ಪರೀಕ್ಷೆಯನ್ನೆಲ್ಲ ಅಲ್ಲಿಗೇ ನಿಲ್ಲಿಸಿ. ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಎಂಜಿನ್ ನಾಕ್ ಆಗುತ್ತಿದೆ, ಅಂದರೆ ಮಿಶ್ರಣ ಹತೋಟಿ ತಪ್ಪಿ ಸ್ಫೋಟಿಸುತ್ತಿದೆ. ಕಾರನ್ನು ಟ್ಯೂನ್ ಮಾಡಿದವರ ಬಳಿಗೆ ಹೋಗುವ ಹೊತ್ತು ಅದು.

ಪೆಟ್ರೋಲ್ ಸಾಲುತ್ತಿದೆಯೇ?

ಇಲ್ಲೊಂದು ಲೆಕ್ಕವಿದೆ. ಆರ್53ರ ಪೆಟ್ರೋಲ್ ಒತ್ತಡದ ರೆಗ್ಯುಲೇಟರ್ ಇರುವುದು ಟ್ಯಾಂಕಿನೊಳಗೆ. ಅದು ಪೆಟ್ರೋಲ್ ಒತ್ತಡವನ್ನು ಸುಮಾರು 3.5 ಬಾರ್‌ಗೆ ಕಾಯುತ್ತದೆ, ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಬೂಸ್ಟ್ ಎಷ್ಟಿದೆಯೆಂದು ಅದಕ್ಕೆ ತಿಳಿಯದು. ಇಂಜೆಕ್ಟರಿನ ಬಾಯಿಯ ಬಳಿ 1 ಬಾರ್ ಬೂಸ್ಟ್ ಎದುರಿಗೆ ನಿಂತರೆ ಪೆಟ್ರೋಲನ್ನು ತಳ್ಳಲು ಉಳಿಯುವುದು 2.5 ಬಾರ್. ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುವುದರಿಂದ ಶೇ 15ರಷ್ಟು ಪೆಟ್ರೋಲ್ ಖೋತಾ ಆಗುತ್ತದೆ, ಅದೂ ಅತಿ ಹೆಚ್ಚು ಬೇಕಾದ ಗಳಿಗೆಯಲ್ಲಿ. ಫಿಲ್ಟರ್ ಕಟ್ಟಿಕೊಂಡಿದ್ದರೆ, ಪಂಪ್ ಸೋತಿದ್ದರೆ ಕೊರತೆ ಇನ್ನೂ ಹೆಚ್ಚು. ಓಡುವಾಗ ಒತ್ತಡ ಬೀಳುತ್ತಿದೆಯೇ ಎಂದು ಗೇಜ್ ಇಟ್ಟು ನೋಡಿ. ಲಾಗ್‌ನಲ್ಲಿ (ಓಡುವಾಗಿನ ಅಳತೆಗಳ ದಾಖಲೆ) ಇಂಜೆಕ್ಟರ್ ಡ್ಯೂಟಿ, ಅಂದರೆ ಅದು ತೆರೆದಿರುವ ಸಮಯದ ಪಾಲು, ಶೇ 90ರ ಹತ್ತಿರ ಹೋಗಿದ್ದರೆ ಇಂಜೆಕ್ಟರೇ ಚಿಕ್ಕದಾಯಿತು.

ಮಿಶ್ರಣ ಅಳೆಯಲು ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ಪೂರ್ಣ ಬೂಸ್ಟಿನಲ್ಲಿ ಗಾಳಿ-ಪೆಟ್ರೋಲ್ ಅನುಪಾತ ಸುಮಾರು 11.5ರಿಂದ 12.5ರೊಳಗೆ ಇರಬೇಕು. 13 ದಾಟಿದರೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾದರೆ, ಕಾಲು ತೆಗೆಯಿರಿ. ಆದರೆ ಈ ಸೆನ್ಸರ್ ಅಳೆಯುವುದು ಆಮ್ಲಜನಕವನ್ನು. ಕಿಡಿ ತಪ್ಪಿದ ಸಿಲಿಂಡರ್ ಸುಡದ ಗಾಳಿಯನ್ನು ಹಾಗೇ ಹೊರಹಾಕುತ್ತದೆ, ಸೆನ್ಸರ್ ಅದನ್ನು ಪೆಟ್ರೋಲ್ ಕೊರತೆಯೆಂದೇ ತೋರಿಸುತ್ತದೆ. ಆದ್ದರಿಂದ ಲಾಗ್‌ನಲ್ಲಿ ಯಾವುದು ಮೊದಲು ಎಂದು ನೋಡಬೇಕು. ಅನುಪಾತ ಮೆಲ್ಲಗೆ ಏರಿ ಆಮೇಲೆ ಮುಗ್ಗರಿಸಿದರೆ ದೋಷ ಪೆಟ್ರೋಲಿನದು. ಮುಗ್ಗರಿಸಿದ ಕ್ಷಣದಲ್ಲಿ ಅನುಪಾತ ಥಟ್ಟನೆ ಜಿಗಿದರೆ ಮತ್ತೆ ಪ್ಲಗ್, ಕಾಯಿಲುಗಳ ಕಡೆಗೇ ಹಿಂದಿರುಗಿ.

ಮಿಸ್ ಅಲ್ಲದ ಮಿಸ್

ಬೆಲ್ಟ್ ಜಾರಿದರೂ ಶಕ್ತಿ ಕುಸಿಯುತ್ತದೆ, ಆದರೆ ಬೂಸ್ಟ್ ಗೇಜಿನ ಮುಳ್ಳೂ ಜೊತೆಗೇ ಇಳಿಯುತ್ತದೆ. ಪುಲ್ಲಿಯ ಸುತ್ತ ರಬ್ಬರ್ ಪುಡಿ ಇರುತ್ತದೆ. ಅರ್ಧ ಆಕ್ಸಿಲರೇಟರಿನಲ್ಲಿ ಕಾರು ಹಿಂದೆಮುಂದೆ ತೂಗಿದಂತಾದರೆ ಬೇಡದ ಬೂಸ್ಟನ್ನು ತಿರುಗಿ ಬಿಡುವ ಬೈಪಾಸ್ ವಾಲ್ವ್ ನೋಡಿ. ಇಂಟರ್‌ಕೂಲರಿನ (ಬೂಸ್ಟಿನ ಗಾಳಿ ತಣಿಸುವ ಭಾಗ) ರಬ್ಬರ್ ಬೂಟು ಹರಿದರೆ ಬೂಸ್ಟ್ ಸೋರುತ್ತದೆ, ಕೊಳವೆಗಳೊಳಗೆ ಹೊಗೆ ತುಂಬಿ ಸೋರಿಕೆ ಹುಡುಕುವ ಹೊಗೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಇಷ್ಟಾದರೂ ಒಂದೇ ಸಿಲಿಂಡರ್ ದೂರು ಹೇಳುತ್ತಿದ್ದರೆ ಕಂಪ್ರೆಷನ್ ಪರೀಕ್ಷೆ (ಸಿಲಿಂಡರಿನಲ್ಲಿ ಗಾಳಿ ಎಷ್ಟು ಒತ್ತಲ್ಪಡುತ್ತದೆ ಎಂಬ ಅಳತೆ) ಮಾಡಿಸಿ. ಎಂಜಿನ್ ಬಿಸಿಯಾಗಿರಲಿ, ನಾಲ್ಕೂ ಪ್ಲಗ್ ಹೊರಗಿರಲಿ, ಪೆಟ್ರೋಲ್ ಮತ್ತು ಇಗ್ನಿಷನ್ ಎರಡನ್ನೂ ಕಡಿತಗೊಳಿಸಿರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ. ಇಲ್ಲಿ ಗಮನಿಸಬೇಕಾದದ್ದು ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸವನ್ನು. ಒಂದು ಮಾತ್ರ ಉಳಿದವುಗಳಿಗಿಂತ ಶೇ 15ಕ್ಕೂ ಹೆಚ್ಚು ಕೆಳಗಿದ್ದರೆ ಅದರೊಳಗೆ ಒಂದಿಷ್ಟು ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ಪಿಸ್ಟನ್ ರಿಂಗು ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ಟಿನ ಕಡೆ ನೋಡಬೇಕು.