ಸ್ಕಿಬರೀನ್ ಮದುವೆಗೆ ನಾನು ಮಾಡಿದ ಐರಿಶ್ ತಿಂಡಿಗಳು

ಐರ್ಲೆಂಡಿನ ಮದುವೆಗಳಲ್ಲಿ ಚರ್ಚಿನ ಶಾಸ್ತ್ರ ಮುಗಿದು ಊಟಕ್ಕೆ ಕೂರುವ ಹೊತ್ತಿಗೆ ತುಂಬಾ ಸಮಯ ಆಗಿರುತ್ತದೆ. ಮದುಮಕ್ಕಳು ಫೋಟೋಗೆ ಹೋಗಿರುತ್ತಾರೆ. ಬಂದವರು ಗ್ಲಾಸು ಹಿಡಿದು ಮಾತಾಡುತ್ತಾ ನಿಂತಿರುತ್ತಾರೆ. ಆಗ ಕೊಡುವ ಸಣ್ಣ ತಿಂಡಿಗಳನ್ನು ನೀನೇ ನೋಡಿಕೊಳ್ಳಬೇಕು ಅಂತ ನನ್ನ ಗೆಳತಿ ಹೇಳಿದಳು. ಅವಳು ಮೈಸೂರಿನವಳು. ಹುಡುಗ ವೆಸ್ಟ್ ಕಾರ್ಕ್‌ನ ಸ್ಕಿಬರೀನ್ ಹತ್ತಿರ ಹಸು ಸಾಕುವ ಮನೆಯವನು. ತಿಂಡಿ ಪೂರ್ತಿ ಐರಿಶ್ ಇರಬೇಕು, ಮೈಸೂರಿನಿಂದ ಬರುವವರೂ ಸಂಕೋಚವಿಲ್ಲದೆ ತಿನ್ನಬೇಕು ಅನ್ನೋದು ಅವಳ ಆಸೆ. ಆ ಕಡೆಯವರಲ್ಲಿ ಸುಮಾರು ಜನ ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ಐರಿಶ್ ಪಾರ್ಟಿ ಅಂತ ಹುಡುಕಿದರೆ ಹಸಿರು ಬಣ್ಣದ ಕ್ರೀಮು, ಶ್ಯಾಮ್‌ರಾಕ್ ಅನ್ನೋ ಮೂರೆಲೆ ಸೊಪ್ಪಿನ ಆಕಾರದ ಬಿಸ್ಕತ್ತು, ಕಾರ್ನ್ಡ್ ಬೀಫ್ ಅನ್ನೋ ಉಪ್ಪು ಹಾಕಿಟ್ಟ ದನದ ಮಾಂಸ ಇವೇ ಸಿಗುತ್ತವೆ. ಇವು ಹೆಚ್ಚಾಗಿ ಅಮೆರಿಕದಲ್ಲಿ ಸೇಂಟ್ ಪ್ಯಾಟ್ರಿಕ್ಸ್ ಡೇ ದಿನ ಮಾಡುವಂಥವು. ಐರ್ಲೆಂಡಿನ ಮನೆಗಳಲ್ಲಿ ಎಲೆಕೋಸಿನ ಜೊತೆ ಬೇಯಿಸೋದು ಬೇಕನ್, ಅಂದರೆ ಉಪ್ಪು ಹಾಕಿಟ್ಟ ಹಂದಿ ಮಾಂಸ. ಹಾಗಾಗಿ ನಾನು ಬಣ್ಣ ಬಿಟ್ಟು ಈ ನೆಲ ಏನು ಕೊಡುತ್ತದೆ ಅಂತ ನೋಡಿದೆ. ಹಾಲು, ಬೆಣ್ಣೆ, ಮಜ್ಜಿಗೆ, ಆಲೂಗಡ್ಡೆ, ಓಟ್ಸ್, ಕಡಲಿನ ಮೀನು. 1770ರಲ್ಲಿ ಶುರುವಾದ ಕಾರ್ಕ್ ಬಟರ್ ಎಕ್ಸ್‌ಚೇಂಜ್ ಅನ್ನೋ ಮಾರುಕಟ್ಟೆಯಿಂದ ಬೆಣ್ಣೆ ಹಡಗು ಹತ್ತಿ ದೂರದ ದೇಶಗಳಿಗೆ ಹೋಗುತ್ತಿತ್ತು. ಹಾಲಿನ ನಾಡಿನ ಅಡುಗೆಯಲ್ಲಿ ಸಸ್ಯಾಹಾರಿಗಳಿಗೆ ಜಾಗ ಹುಡುಕಬೇಕಿಲ್ಲ. ಮೆನುವಿನ ನಡುಭಾಗವೇ ಅವರದ್ದಾಯಿತು.

ಮೊದಲು ಬ್ರೌನ್ ಸೋಡಾ ಬ್ರೆಡ್. ಈ ತಂಪು ಹವೆಯಲ್ಲಿ ಬೆಳೆಯುವ ಗೋಧಿಯಲ್ಲಿ ಜಿಗುಟು ಕಡಿಮೆ, ಯೀಸ್ಟ್ ಹಾಕಿದರೆ ಅಷ್ಟು ಚೆನ್ನಾಗಿ ಉಬ್ಬುವುದಿಲ್ಲ. 19ನೇ ಶತಮಾನದಲ್ಲಿ ಅಡಿಗೆ ಸೋಡಾ ಬಂದ ಮೇಲೆ ಮನೆಮನೆಯಲ್ಲೂ ಈ ಬ್ರೆಡ್ ಬೇಯತೊಡಗಿತು. 225 ಗ್ರಾಂ ಇಡೀ ಗೋಧಿ ಹಿಟ್ಟು, 225 ಗ್ರಾಂ ಮೈದಾ, ಒಂದೊಂದು ಟೀ ಚಮಚ ಸೋಡಾ ಮತ್ತು ಉಪ್ಪು, ಸುಮಾರು 400 ಎಂ.ಎಲ್. ಹುಳಿ ಮಜ್ಜಿಗೆ. ಇಷ್ಟೇ, ಮೊಟ್ಟೆ ಬೇಡ. ನಾದಲೇಬಾರದು, ಕೈಯಲ್ಲಿ ಒಂದು ಸುತ್ತು ಕಲಸಿ ಸೀದಾ ಓವನ್‌ಗೆ. ಮಜ್ಜಿಗೆಯ ಹುಳಿ ಸೋಡಾಕ್ಕೆ ತಾಗಿದ ಕೂಡಲೇ ಗಾಳಿಗುಳ್ಳೆ ಏಳುತ್ತವೆ, ತಡ ಮಾಡಿದರೆ ಅವು ವ್ಯರ್ಥ. ಬೆಂದ ಬ್ರೆಡ್ಡಿನ ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಇಲ್ಲಿನ ಅಂಗಡಿಯ ಮಜ್ಜಿಗೆ ಗಟ್ಟಿ. ನಮ್ಮ ಮನೆಯ ಕಡೆದ ಮಜ್ಜಿಗೆ ಬಳಸುವವರು ಅಳತೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ತಿಂಡಿಗೆ ಸಣ್ಣ ಚೌಕಗಳಾಗಿ ಕತ್ತರಿಸಬೇಕಾದ್ದರಿಂದ ಹಿಂದಿನ ದಿನವೇ ಬೇಯಿಸಿದೆ. ಬಿಸಿ ಬ್ರೆಡ್ ಪುಡಿಪುಡಿಯಾಗುತ್ತದೆ. ಅರ್ಧ ಚೌಕಗಳಿಗೆ ಉಪ್ಪು ಬೆಣ್ಣೆ, ಹೊಗೆಯಾಡಿಸಿದ ಸಾಲ್ಮನ್, ನಿಂಬೆ, ಕಾಳುಮೆಣಸು. ಅದರ ಮೇಲೆ ಬೇರೇನೂ ಹಾಕಬೇಡಿ.

ನನಗೆ ತುಂಬಾ ಪ್ರೀತಿ ಇದ್ದದ್ದು ಬಾಕ್ಸ್‌ಟಿ ಅನ್ನೋ ಆಲೂಗಡ್ಡೆ ದೋಸೆ ಮೇಲೆ. ಇದು ಕಾರ್ಕ್‌ನದ್ದಲ್ಲ, ಲೀಟ್ರಿಮ್, ಕ್ಯಾವನ್ ಕಡೆಯದು. ಹುಡುಗನ ಅಜ್ಜಿ ಲೀಟ್ರಿಮ್‌ನವರು, ಅದಕ್ಕೇ ಇರಲೇಬೇಕು ಅಂದುಕೊಂಡೆ. ಹಸಿ ಆಲೂಗಡ್ಡೆಯ ತುರಿ, ಬೇಯಿಸಿ ಹಿಸುಕಿದ ಆಲೂಗಡ್ಡೆ, ಮೈದಾ, ಮೂರೂ ಸಮ. ಚಿಟಿಕೆ ಸೋಡಾ, ಉಪ್ಪು, ಬೇಕಾದಷ್ಟು ಮಜ್ಜಿಗೆ. ತುರಿಯನ್ನು ಬಟ್ಟೆಯಲ್ಲಿ ಕಟ್ಟಿ ಗಟ್ಟಿಯಾಗಿ ಹಿಂಡಬೇಕು. ಆ ನೀರನ್ನು ಚೆಲ್ಲಬೇಡಿ. ಸ್ವಲ್ಪ ಹೊತ್ತು ಬಿಟ್ಟರೆ ಪಾತ್ರೆಯ ತಳದಲ್ಲಿ ಬಿಳಿ ಪಿಷ್ಟ ಕೂರುತ್ತದೆ. ಮೇಲಿನ ನೀರು ಬಗ್ಗಿಸಿ ಆ ಪಿಷ್ಟವನ್ನು ಹಿಟ್ಟಿಗೆ ಸೇರಿಸಿದರೆ ಮೊಟ್ಟೆ ಇಲ್ಲದೆಯೇ ಹಿಡಿದುಕೊಳ್ಳುತ್ತದೆ, ಅಂಚು ಗರಿಗರಿ ಆಗುತ್ತದೆ. ಇಲ್ಲಿ ಸುಲಭವಾಗಿ ಸಿಗುವ ರೂಸ್ಟರ್ ಆಲೂಗಡ್ಡೆ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಸೆಟ್ ದೋಸೆಯ ಹಾಗೆ ಸ್ವಲ್ಪ ದಪ್ಪಕ್ಕೆ, ರೂಪಾಯಿಗಿಂತ ತುಸು ದೊಡ್ಡದಾಗಿ ಬೆಣ್ಣೆಯಲ್ಲಿ ಬೇಯಿಸಿದೆ. ಹಿಟ್ಟಿಗೆ ಹಸಿಮೆಣಸು, ಜೀರಿಗೆ ಸೇರಿಸು ಅಂತ ಗೆಳತಿಯ ಚಿಕ್ಕಮ್ಮ ಹೇಳಿದರು. ನಾನು ಒಪ್ಪಲಿಲ್ಲ. ಬಾಕ್ಸ್‌ಟಿ ಬಾಕ್ಸ್‌ಟಿಯಾಗಿಯೇ ಇರಲಿ, ಪಕ್ಕದಲ್ಲಿ ಕೊತ್ತಂಬರಿ ಚಟ್ನಿ ಇಡೋಣ ಅಂದೆ. ಹಾಗೇ ಇಟ್ಟೆವು. ಐರಿಶ್ ಕಡೆಯವರಿಗೆ ಹುಳಿ ಕ್ರೀಮು, ಈರುಳ್ಳಿ ಸೊಪ್ಪು.

ಕೋಲ್‌ಕ್ಯಾನನ್ ಮದುವೆಗೆ ಹೇಳಿ ಮಾಡಿಸಿದ್ದು. ಹಿಸುಕಿದ ಆಲೂಗಡ್ಡೆಗೆ ಕೇಲ್ ಸೊಪ್ಪು ಅಥವಾ ಎಲೆಕೋಸು, ಕೈತುಂಬಾ ಬೆಣ್ಣೆ. ಹಿಂದೆ ಹ್ಯಾಲೊವೀನ್ ರಾತ್ರಿ ಇದರೊಳಗೆ ಉಂಗುರ ಅಡಗಿಸಿಡುತ್ತಿದ್ದರು. ಯಾರಿಗೆ ಸಿಗುತ್ತದೋ ಅವರಿಗೆ ಬೇಗ ಮದುವೆ ಅನ್ನೋ ನಂಬಿಕೆ. ನಾನು ಸಣ್ಣ ಉಂಡೆ ಕಟ್ಟಿ, ಮೊಟ್ಟೆಯ ಬದಲು ತೆಳು ಮೈದಾ ನೀರಿನಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದೆ. ನಮ್ಮ ಕಟ್ಲೆಟ್‌ಗೆ ಮಾಡುವ ಹಾಗೇ. ಎಣ್ಣೆ, ಬಾಣಲೆ ಎರಡೂ ಬೇರೆ ಇಟ್ಟಿದ್ದೆ.

ಚೀಸ್ ವಿಚಾರದಲ್ಲಿ ಜಾಸ್ತಿ ಎಚ್ಚರ ಬೇಕು. ಹಳೆಯ ರೀತಿಯ ಎಷ್ಟೋ ಚೀಸ್‌ಗಳಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. 1984ರಿಂದ ಟಿಪ್ಪರರಿಯಲ್ಲಿ ತಯಾರಾಗುವ ಕ್ಯಾಶಲ್ ಬ್ಲೂ ಸಸ್ಯಾಹಾರಿಗಳಿಗೂ ನಡೆಯುತ್ತದೆ. ಉಳಿದ ಬ್ರೌನ್ ಬ್ರೆಡ್ಡಿನ ಗರಿಗರಿ ಚೂರುಗಳ ಮೇಲೆ ಅದು, ಪೇರ್ ಹಣ್ಣು, ಒಂದು ಹನಿ ಜೇನು. ಸಾಸ್‌ಗಳನ್ನೂ ಓದಿ ನೋಡಿ, ವೂಸ್ಟರ್‌ಶೈರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತದೆ.

ಮಾಂಸ ತಿನ್ನುವವರಿಗೆ ಜೇನು ಸಾಸಿವೆಯ ಸಣ್ಣ ಸಾಸೇಜ್, ಕ್ಲೊನಾಕಿಲ್ಟಿ ಬ್ಲ್ಯಾಕ್ ಪುಡಿಂಗ್ ಮತ್ತು ಹುಳಿ ಸೇಬಿನ ಗೊಜ್ಜು. ಪುಡಿಂಗ್‌ನಲ್ಲಿ ರಕ್ತ ಇರುತ್ತದೆ ಅಂತ ಕನ್ನಡದಲ್ಲೂ ದೊಡ್ಡದಾಗಿ ಬರೆದಿಟ್ಟೆ. ಆಯ್ಸ್ಟರ್ ಅನ್ನೋ ಕಡಲ ಚಿಪ್ಪುಜೀವಿಯನ್ನು ಬಿಟ್ಟೆ. ಮದುವೆ ಜೂನ್‌ನಲ್ಲಿ, ಇಲ್ಲಿನ ನಾಟಿ ಆಯ್ಸ್ಟರ್ ಸೆಪ್ಟೆಂಬರ್‌ನಿಂದ ಏಪ್ರಿಲ್ ತನಕ ಮಾತ್ರ.

ಮೇಜಿನ ಅಲಂಕಾರಕ್ಕೆ ಆಲೂಗಡ್ಡೆ ಗೊಂಬೆ ಇಡೋಣ, ತಮಾಷೆಯಾಗಿರುತ್ತೆ ಅಂತ ಒಬ್ಬರು ಹೇಳಿದರು. ನಾನು ಬೇಡ ಅಂದೆ. 1845ರಲ್ಲಿ ಆಲೂಗಡ್ಡೆಗೆ ರೋಗ ಬಂದು ಶುರುವಾದ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಅತಿ ಹೆಚ್ಚು ನೊಂದ ಊರುಗಳಲ್ಲಿ ಸ್ಕಿಬರೀನ್ ಒಂದು. ಅಲ್ಲಿನ ಅಬ್ಬಿಸ್ಟ್ರೂರಿ ಸ್ಮಶಾನದಲ್ಲಿ ಸಾವಿರಾರು ಜನರನ್ನು ಒಟ್ಟಿಗೆ ಹೂತಿದ್ದಾರೆ. ಆ ಊರಿನ ಮನೆಯ ಮದುವೆಯಲ್ಲಿ ಆಲೂಗಡ್ಡೆಯನ್ನು ರುಚಿಯಾಗಿ ಬಡಿಸಬಹುದು, ತಮಾಷೆಗೆ ಬಳಸಬಾರದು ಅಲ್ವಾ.

ಲೆಕ್ಕ ಹೀಗೆ. ಊಟಕ್ಕೆ ಮುಂಚೆ ಒಂದು ಗಂಟೆ ಇದ್ದರೆ ತಲೆಗೆ 4 ಅಥವಾ 5 ತುಂಡು ಸಾಕು. ಇಲ್ಲಿ ಎರಡು ಗಂಟೆ, ಹಾಗಾಗಿ 7. ಜನ 80, ಒಟ್ಟು 560. ಇದರಲ್ಲಿ ಮೂರರಲ್ಲಿ ಎರಡು ಪಾಲು ಸಸ್ಯಾಹಾರ ಮಾಡಿ. ಮಾಂಸ ತಿನ್ನುವವರೂ ಬಾಕ್ಸ್‌ಟಿ ತಟ್ಟೆ ಕಂಡರೆ ಕೈ ಹಾಕುತ್ತಾರೆ, ಆದರೆ ಸಸ್ಯಾಹಾರಿಗಳು ಸಾಸೇಜ್ ತಟ್ಟೆಗೆ ಹೋಗುವುದಿಲ್ಲ. ಸಸ್ಯಾಹಾರದ್ದು ಮರದ ಹಲಗೆಯಲ್ಲಿ, ಉಳಿದದ್ದು ಬಿಳಿ ತಟ್ಟೆಯಲ್ಲಿ. ಇಲ್ಲಿನ ಹೋಟೆಲುಗಳು ಅಲರ್ಜಿ ತರುವ 14 ಪದಾರ್ಥಗಳನ್ನು ಬರೆದು ತಿಳಿಸಲೇಬೇಕು. ನಾನೂ ಹಾಗೇ ಚೀಟಿ ಮಾಡಿದೆ. ಬಿಸಿಯದ್ದು ಒಂದೇ ಸಲ ಹೊರಗೆ ಕಳಿಸಲಿಲ್ಲ. ಜನ ಕಾರಿನಿಂದ ಇಳಿಯುವಾಗ ಬ್ರೆಡ್, ಚೀಸ್. ಆಮೇಲೆ ಸಣ್ಣ ಸಣ್ಣ ಕಂತಿನಲ್ಲಿ ಬಾಕ್ಸ್‌ಟಿ, ಉಂಡೆ. ಉಳಿದ ಬ್ರೆಡ್ ಮತ್ತು ಬೆಣ್ಣೆ ರಾತ್ರಿ ಕುಣಿತದ ನಡುವೆ ಟೀ ಜೊತೆ ಖರ್ಚಾಯಿತು.