ರೋಟಾವೇಟರ್ ಅದುರುತ್ತಿದೆಯೇ? ಬಿಚ್ಚುವ ಮೊದಲು ಅದರ ಲಯ ಹಿಡಿಯಿರಿ

ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಮಣ್ಣು ಪುಡಿಮಾಡುವ ರೋಟಾವೇಟರ್ ಅದುರಲು ಶುರುವಾದೊಡನೆ ಕೈ ಸ್ಪ್ಯಾನರಿಗೆ ಹೋಗುತ್ತದೆ. ನನ್ನ ಕೈಯೂ ಹಾಗೇ ಹೋಗಿತ್ತು. ಗೇರ್‌ಬಾಕ್ಸ್ ಬಿಚ್ಚಿಸಿ ಎರಡು ಬೇರಿಂಗ್ ಬದಲಾಯಿಸಿದೆ. ಮರುದಿನ ಹೊಲಕ್ಕೆ ಇಳಿಸಿದರೆ ಮತ್ತೆ ಅದೇ ನಡುಕ. ದೋಷ ಇದ್ದದ್ದು ಪಿ.ಟಿ.ಒ. ಶಾಫ್ಟಿನಲ್ಲಿ, ಅಂದರೆ ಟ್ರ್ಯಾಕ್ಟರಿನ ಹಿಂದೆ ಎಂಜಿನ್ ತಿರುಗಿಸುವ ಪಿ.ಟಿ.ಒ. ದಂಡದಿಂದ ರೋಟಾವೇಟರಿಗೆ ಶಕ್ತಿ ಮುಟ್ಟಿಸುವ ಶಾಫ್ಟಿನಲ್ಲಿ. ಅದನ್ನು ಸರಿಪಡಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಅಂದಿನಿಂದ ಎರಡು ಪ್ರಶ್ನೆಗೆ ಉತ್ತರ ಸಿಗುವ ತನಕ ನಾನು ಒಂದು ಬೋಲ್ಟನ್ನೂ ಸಡಿಲಿಸುವುದಿಲ್ಲ: ಅದುರು ಯಾವ ಹಂತದಲ್ಲಿ ಶುರುವಾಗುತ್ತದೆ? ಅದರ ಲಯ ಎಂಥದು?

ಮೊದಲು ಪಿ.ಟಿ.ಒ. ಹಾಕದೆ ಎಂಜಿನ್ ಮಾತ್ರ ಓಡಿಸಿ. ಆಗಲೇ ಅದುರಿದರೆ ರೋಟಾವೇಟರಿನ ತಪ್ಪಿಲ್ಲ. ಬಳಿಕ ರೋಟಾವೇಟರನ್ನು ಬ್ಲೇಡ್ ನೆಲ ಬಿಡುವಷ್ಟು ಮಾತ್ರ ಎತ್ತಿ, ಪಿ.ಟಿ.ಒ. ಹಾಕಿ, ಎಂಜಿನ್ ವೇಗವನ್ನು ನಿಧಾನವಾಗಿ ಏರಿಸಿ. ಕವಚಗಳೆಲ್ಲ ಜಾಗದಲ್ಲಿರಲಿ, ಹಿಂದೆ ಯಾರೂ ನಿಲ್ಲದಿರಲಿ. ಕೊನೆಗೆ ಮಣ್ಣಿಗಿಳಿಸಿ ಹತ್ತು ಮಾರು ಓಡಿಸಿ ನೋಡಿ. ಗಾಳಿಯಲ್ಲೇ ಅದುರಿದರೆ ಶಾಫ್ಟ್, ಬೇರಿಂಗ್ ಅಥವಾ ರೋಟರಿನ (ಬ್ಲೇಡುಗಳನ್ನು ಹೊತ್ತು ತಿರುಗುವ ಕೊಳವೆಯ) ತೂಕದ ಸಮತೋಲದ ಕಡೆ ನೋಡಬೇಕು. ಗಾಳಿಯಲ್ಲಿ ನಯವಾಗಿದ್ದು ಮಣ್ಣಿನಲ್ಲಿ ಮಾತ್ರ ಕುಲುಕಿದರೆ ಬ್ಲೇಡುಗಳನ್ನು ನೋಡಿ.

ಇನ್ನು ಲಯ. ಪಿ.ಟಿ.ಒ. ನಿಮಿಷಕ್ಕೆ 540 ಸುತ್ತು ತಿರುಗುವಾಗ ಶಾಫ್ಟ್ ಸೆಕೆಂಡಿಗೆ 9 ಸುತ್ತು ಹಾಕುತ್ತದೆ. ಅದರ ಅದುರು ಎಣಿಸಲಾಗದಷ್ಟು ವೇಗವಾಗಿರುತ್ತದೆ. ಸೀಟಿನಲ್ಲಿ, ಸ್ಟಿಯರಿಂಗಿನಲ್ಲಿ ಜುಮ್ಮೆನ್ನುವ ನಡುಕವಾಗಿ ಬರುತ್ತದೆ. ರೋಟರ್ ಸುಮಾರು 200 ಸುತ್ತಿನಲ್ಲಿ ತಿರುಗುತ್ತದೆ ಎಂದುಕೊಂಡರೆ ಅದರ ಪೆಟ್ಟು ಸೆಕೆಂಡಿಗೆ ಮೂರಕ್ಕಿಂತ ಸ್ವಲ್ಪ ಹೆಚ್ಚು: ದಡ್, ದಡ್, ದಡ್ ಎಂದು ಬೆರಳಿನಲ್ಲಿ ತಾಳ ಹಾಕಬಹುದು. ಜುಮ್ಮೆಂದರೆ ಶಾಫ್ಟ್, ದಡ್ ಎಂದರೆ ರೋಟರ್. ನನ್ನ ಅನುಭವದಲ್ಲಿ ಇಷ್ಟಕ್ಕೇ ಅರ್ಧ ಹುಡುಕಾಟ ಮುಗಿಯುತ್ತದೆ.

ಇಲ್ಲಿಂದ ಮುಂದೆ ಯಂತ್ರವನ್ನು ಮುಟ್ಟುವ ಕೆಲಸ. ಎಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಳ್ಳಿ, ರೋಟರ್ ಪೂರ್ತಿ ನಿಲ್ಲುವ ತನಕ ಕಾಯಿರಿ. ರೋಟಾವೇಟರ್ ಎತ್ತಿದ ಸ್ಥಿತಿಯಲ್ಲಿದ್ದರೆ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ. ಹೈಡ್ರಾಲಿಕ್ಕನ್ನು ನಂಬಿ ಅದರ ಕೆಳಗೆ ಕೈ ಹಾಕಲೇಬೇಡಿ.

ಶಾಫ್ಟನ್ನು ಕಳಚಿ ಸಮ ನೆಲದ ಮೇಲೆ ಮಲಗಿಸಿ. ಒಂದರೊಳಗೊಂದು ಜಾರುವ ಎರಡು ಭಾಗಗಳಿಗೆ ಬೆಸೆದುಕೊಂಡಿರುವ ಒಳಗಿನ ಯೋಕ್‌ಗಳನ್ನು, ಅಂದರೆ ಎರಡು ಕಿವಿಯ ಕವೆಗಳನ್ನು, ನೋಡಿ. ಒಂದರ ಕಿವಿಗಳು ಅಡ್ಡಡ್ಡ ಮಲಗಿದ್ದರೆ ಇನ್ನೊಂದರವೂ ಹಾಗೇ ಮಲಗಿರಬೇಕು. ಒಂದು ಮಲಗಿ ಇನ್ನೊಂದು ನೆಟ್ಟಗೆ ನಿಂತಿದ್ದರೆ ಕಾರಣ ಸಿಕ್ಕಿತು. ಚೌಕ ಕೊಳವೆಯ ಶಾಫ್ಟನ್ನು ಗ್ರೀಸ್ ಹಚ್ಚಲು ಎಳೆದು ಮತ್ತೆ ಸೇರಿಸುವಾಗ ಕಾಲು ಸುತ್ತು ತಪ್ಪಿ ಕೂರುವುದು ಬಹಳ ಸುಲಭ. ನನ್ನದು ಹಾಗೇ ಕೂತಿತ್ತು. ಶಾಫ್ಟಿನ ಎರಡೂ ತುದಿಯ ಕೀಲಿನಲ್ಲಿ ಕೂಡು ಗುರುತಿನಂಥ ಒಂದೊಂದು ಕ್ರಾಸ್ ಇರುತ್ತದೆ. ಕೋನದಲ್ಲಿ ತಿರುಗುವ ಕ್ರಾಸ್ ಪ್ರತಿ ಸುತ್ತಿಗೆ ಎರಡು ಬಾರಿ ವೇಗವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಯೋಕ್‌ಗಳು ಸರಿಯಾಗಿದ್ದು, ಎರಡೂ ತುದಿಯ ಕೋನ ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸಿಹಾಕುತ್ತದೆ. ಕಾಲು ಸುತ್ತು ತಪ್ಪಿದರೆ ಎರಡೂ ಕೂಡಿಕೊಳ್ಳುತ್ತವೆ: ಎರಡೂ ಕಡೆ 10 ಡಿಗ್ರಿ ಕೋನವಿದ್ದರೂ ಸಾಕು, 540ರ ವೇಗ 524ರಿಂದ 557ರ ನಡುವೆ ಸೆಕೆಂಡಿಗೆ 18 ಬಾರಿ ತುಯ್ದಾಡುತ್ತದೆ. ಆ ಹೊಡೆತ ತಿನ್ನುವುದು ಗೇರ್‌ಬಾಕ್ಸ್. ಅದಕ್ಕೇ ಈಗ ಶಾಫ್ಟ್ ಬಿಚ್ಚುವ ಮೊದಲು ಎರಡೂ ಕೊಳವೆಯ ಮೇಲೆ ಬಣ್ಣದಲ್ಲಿ ಒಂದೇ ಗೆರೆ ಎಳೆದಿರುತ್ತೇನೆ.

ಕ್ರಾಸನ್ನು ಹಿಡಿದು ಅಲುಗಾಡಿಸಿ. ಸಡಿಲ ಕಂಡರೆ, ಅಥವಾ ಬೇರಿಂಗ್ ಬಟ್ಟಲಿನ ಸುತ್ತ ಕುಂಕುಮದಂಥ ಕೆಂಪು ಪುಡಿ ಇದ್ದರೆ, ಅದು ಗ್ರೀಸಿಲ್ಲದೆ ಒಣಗಿ ಸವೆದಿದೆ, ಬದಲಾಯಿಸಿಬಿಡಿ. ಶಾಫ್ಟ್ ಮರಳಿ ಹಾಕುವಾಗ ಲಾಕ್ ಪಿನ್ ಟಿಕ್ ಎಂದು ಕೂತಿತೋ ಎಂದು ಎಳೆದು ನೋಡಿ.

ಕೋನವನ್ನು ಟಾಪ್ ಲಿಂಕಿನಿಂದ (ಟ್ರ್ಯಾಕ್ಟರಿಗೂ ರೋಟಾವೇಟರಿಗೂ ನಡುವೆ ಇರುವ, ಉದ್ದ ಬದಲಿಸಬಹುದಾದ ಮೇಲಿನ ತೋಳು) ಹೊಂದಿಸಬೇಕು. ಉಳುವ ಆಳಕ್ಕೆ ಇಳಿಸಿ ಪಕ್ಕದಿಂದ ನೋಡಿದಾಗ ಟ್ರ್ಯಾಕ್ಟರಿನ ಪಿ.ಟಿ.ಒ. ದಂಡ ಮತ್ತು ಗೇರ್‌ಬಾಕ್ಸಿನ ದಂಡ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಸಾಲಿನ ಕೊನೆಯಲ್ಲಿ ಎತ್ತುವಾಗ ಮಾತ್ರ ಕಟಕಟ ಸದ್ದು ಬರುತ್ತದೆಯೆಂದರೆ ಕೋನ ಮಿತಿ ಮೀರುತ್ತಿದೆ. ಪಿ.ಟಿ.ಒ. ತಪ್ಪಿಸಿ ಎತ್ತಿ.

ಅದುರು ರೋಟರಿನದಾದರೆ ಮೊದಲು ಅದಕ್ಕೆ ಸುತ್ತಿಕೊಂಡ ಹುಲ್ಲು, ಹಗ್ಗ, ತಂತಿಯನ್ನೆಲ್ಲ ಕತ್ತರಿಸಿ ತೆಗೆಯಿರಿ. ತುದಿಗೆ ಬಿಗಿದ ತಂತಿ ಆಯಿಲ್ ಸೀಲನ್ನು ಕೊಯ್ದು, ಮಣ್ಣನ್ನು ಬೇರಿಂಗಿನೊಳಗೆ ಬಿಡುತ್ತದೆ. ಸನ್ನೆಕೋಲಿನಿಂದ ರೋಟರಿನ ತುದಿಯನ್ನು ಮೇಲಕ್ಕೆ ಮೀಟಿ. ಟಕ್ ಎಂದು ಅಲುಗಿದರೆ ಬೇರಿಂಗ್ ಹೋಗಿದೆ. ರೋಟರ್ ಬಾಗಿದೆಯೇ ಎಂದು ತಿಳಿಯಲು ಫ್ರೇಮಿಗೆ ಒಂದು ಕಡ್ಡಿ ಕಟ್ಟಿ, ಅದರ ತುದಿ ರೋಟರಿನ ಕೊಳವೆಗೆ ತಾಗಿಯೂ ತಾಗದಂತಿರಲಿ. ಪಿ.ಟಿ.ಒ. ಶಾಫ್ಟ್ ಕಳಚಿದ ಮೇಲೆ ಗೇರ್‌ಬಾಕ್ಸಿನ ದಂಡವನ್ನು ಕೈಯಿಂದ ತಿರುಗಿಸಿ. ಬ್ಲೇಡ್ ಹಿಡಿದು ತಿರುಗಿಸಬೇಡಿ. ಸಂದು ಒಮ್ಮೆ ಅಗಲ, ಒಮ್ಮೆ ಕಿರಿದಾದರೆ ರೋಟರ್ ಬಾಗಿದೆ. ಇದು ಮನೆಯಲ್ಲಿ ನೆಟ್ಟಗಾಗುವ ಕೆಲಸವಲ್ಲ, ವರ್ಕ್‌ಶಾಪಿಗೇ ಕೊಡಿ.

ಬ್ಲೇಡುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಒಂದು ಮುರಿದಿದ್ದರೂ ಆ ಕಡೆ ತೂಕ ತಪ್ಪುತ್ತದೆ. ಸವೆದವುಗಳ ನಡುವೆ ಒಂದೇ ಒಂದು ಹೊಸದನ್ನು ಹಾಕಬೇಡಿ, ಎದುರಿನದನ್ನೂ ಬದಲಾಯಿಸಿ. ಎಡದ ಬ್ಲೇಡು, ಬಲದ ಬ್ಲೇಡು ಬೇರೆ ಬೇರೆ; ಅದಲುಬದಲಾದರೆ ಹರಿತವಾದ ಅಂಚಿನ ಬದಲು ಬೆನ್ನು ಮಣ್ಣಿಗೆ ಬಡಿಯುತ್ತದೆ. ಪಕ್ಕದಿಂದ ನೋಡಿದರೆ ಬ್ಲೇಡುಗಳು ಸುರುಳಿಯಾಗಿ ಏರಿಹೋಗಬೇಕು, ಒಂದರ ನಂತರ ಒಂದು ಮಣ್ಣಿಗಿಳಿಯುವಂತೆ. ಆ ಸುರುಳಿ ಮುರಿದು ನಾಲ್ಕಾರು ಒಟ್ಟಿಗೆ ಅಪ್ಪಳಿಸಿದರೆ ಟ್ರ್ಯಾಕ್ಟರೇ ಮುಂದಕ್ಕೆ ಜಿಗಿಯುತ್ತದೆ. ಹಳೆ ಸೆಟ್ ಬಿಚ್ಚುವ ಮೊದಲು ಮೊಬೈಲಿನಲ್ಲಿ ಎರಡೂ ಬದಿಯಿಂದ ಚಿತ್ರ ತೆಗೆದುಕೊಂಡರೆ ಜೋಡಿಸುವಾಗ ತಪ್ಪುವುದಿಲ್ಲ.

ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ, ಪ್ರತಿ ಸಲವೂ ಅದೇ ವೇಗದಲ್ಲಿ, ಅದೇ ಎತ್ತರದಲ್ಲಿ ಓಡಿಸಿ ನೋಡಿ. ಅರ್ಧ ಗಂಟೆ ಉತ್ತ ಮೇಲೆ ಎಂಜಿನ್ ನಿಲ್ಲಿಸಿ, ಬ್ಲೇಡಿನ ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿಯಿರಿ.